ಮೂರು ಬಾವುಟದ ಮೈದಾನ

ಹತ್ತೊಂಬತ್ತು ವರ್ಷದಿಂದ ನಾನು ಕಾಲು ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನಮ್ಮ ಊರಿನ ನೂಲಿನ ಗಿರಣಿಯ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಹದಿನಾರು ಜನ. ಅವರ ಮೂವತ್ತೆರಡು ಕಾಲುಗಳು ನನ್ನ ಸುಪರ್ದಿಯಲ್ಲಿವೆ. ಆಟಕ್ಕೆ ಮುಂಚೆ ಪಟ್ಟಿ ಸುತ್ತುವುದು, ಆಟದ ನಡುವೆ ಯಾರಾದರೂ ಬಿದ್ದರೆ ಐಸಿನ ಡಬ್ಬ ಹಿಡಿದು ಓಡುವುದು, ಆಮೇಲೆ ವಾರಗಟ್ಟಲೆ ನೀವಿ, ಬಗ್ಗಿಸಿ, ಮತ್ತೆ ನಡೆಸುವುದು. ಗಿರಣಿಯ ದವಾಖಾನೆಗೆ ಗಾಯ ಕಟ್ಟುವವಳಾಗಿ ಸೇರಿದವಳು ನಾನು. ಓದಿದ್ದು ಕಡಿಮೆ. ಕಾಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕೈಯಿಂದಲೇ ಬಂದದ್ದು. ಎಲ್ಲರೂ ವಾರಿಜಕ್ಕ ಎನ್ನುತ್ತಾರೆ. ಕಾಲಿನ ವಿಷಯದಲ್ಲಿ ವಾರಿಜಕ್ಕ ಹೇಳಿದ್ದೇ ಕೊನೆಯ ಮಾತು ಎಂದು ಊರಿನಲ್ಲಿ ನಂಬಿಕೆ ಇತ್ತು. ನನಗೂ ಇತ್ತು.

ನಮಗೆ ಇರುವುದು ಒಂದೇ ಮೈದಾನ. ಹುಲ್ಲು ನೋಡಲು ಯಾವತ್ತೂ ಒಂದೇ ಥರ, ಬೆರಳುದ್ದ, ಹಸಿರು. ಅಡಿಯ ನೆಲ ಮಾತ್ರ ದಿನಕ್ಕೊಂದು ಥರ. ಒಂದು ದಿನ ಕಲ್ಲಿನ ಹಾಗೆ ಗಟ್ಟಿ, ಒಂದು ದಿನ ಕಾಲು ಹೂತುಹೋಗುವಷ್ಟು ಮೆತ್ತಗೆ, ಮತ್ತೊಂದು ದಿನ ಇಟ್ಟ ಹೆಜ್ಜೆಯನ್ನು ಬಿಡದೆ ಹಿಡಿದುಕೊಳ್ಳುವಂಥದ್ದು. ಬೆಳಕು ಹರಿಯುವಷ್ಟರಲ್ಲಿ ಬದಲಾಗಿರುತ್ತದೆ, ಮಾರನೆಯ ಬೆಳಗಿನ ತನಕ ಹಾಗೇ ಇರುತ್ತದೆ. ಇದಕ್ಕೆ ತಕ್ಕ ಏರ್ಪಾಡುಗಳೂ ಊರಿನಲ್ಲಿವೆ. ಬೂಟಿನ ಅಂಗಡಿಯಲ್ಲಿ ಆಟದ ಬೂಟುಗಳನ್ನು ಮೂರು ಜೊತೆ ಸೇರಿಸಿಯೇ ಮಾರುತ್ತಾರೆ: ಗಟ್ಟಿ ನೆಲಕ್ಕೆ ಸಣ್ಣ ರಬ್ಬರ್ ಗುಬುಟಿನದು, ಮೆತ್ತನೆಯ ನೆಲಕ್ಕೆ ಉದ್ದ ಮೊಳೆಯದು, ಹಿಡಿಯುವ ನೆಲಕ್ಕೆ ಸಪಾಟಾದದ್ದು. ಆಡುವ ಹುಡುಗಿ ಮದುವೆಯಾಗಿ ಬಂದರೆ ಅತ್ತೆಮನೆಯವರು ಸೀರೆಯ ಜೊತೆ ಮೂರು ಜೊತೆ ಬೂಟು ಕೊಡುವುದು ವಾಡಿಕೆ.

ಅಂದಿನ ನೆಲ ಯಾವುದು ಎಂದು ಹೇಳುವ ಕೆಲಸ ಹನೀಫಣ್ಣನದು. ಮೂವತ್ತು ವರ್ಷದಿಂದ ಅವರು ಮೈದಾನದ ಕಾವಲುಗಾರ. ಬೆಳಗ್ಗೆ ಎದ್ದು, ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆದು ಬಂದು, ಕಂಬಕ್ಕೆ ಬಾವುಟ ಏರಿಸುತ್ತಿದ್ದರು. ಗಟ್ಟಿಯಾದರೆ ಕೆಂಪು, ಮೆತ್ತಗಾದರೆ ಹಸಿರು, ಹಿಡಿಯುವುದಾದರೆ ಹಳದಿ. ಗಿರಣಿಗೆ ಹೋಗುವ ದಾರಿಯಲ್ಲಿ ನಮ್ಮ ಹೆಂಗಸರು ಕತ್ತೆತ್ತಿ ಬಣ್ಣ ನೋಡಿಕೊಂಡು, ಸಂಜೆ ಅದಕ್ಕೆ ತಕ್ಕ ಬೂಟು ತರುತ್ತಿದ್ದರು. ನಾನೂ ಬಣ್ಣ ನೋಡಿಯೇ ಪಟ್ಟಿ ಕಟ್ಟುತ್ತಿದ್ದೆ. ಗಟ್ಟಿ ನೆಲದ ದಿನ ಮೊಣಕಾಲಿನ ಕೆಳಗಿನ ಮೂಳೆ ನೋಯುತ್ತದೆ, ಹಿಮ್ಮಡಿ ಉರಿಯುತ್ತದೆ, ಬಿದ್ದರೆ ಚರ್ಮ ಕಿತ್ತು ಬರುತ್ತದೆ. ಮೆತ್ತನೆಯ ನೆಲದಲ್ಲಿ ಬಿದ್ದರೂ ನೋವಿಲ್ಲ, ಆದರೆ ಮೀನಖಂಡ ಎಳೆದುಕೊಳ್ಳುತ್ತದೆ, ಪಾದದ ಕೀಲು ಹೊರಳುತ್ತದೆ. ಹಿಡಿಯುವ ನೆಲಕ್ಕೆ ಮಂಡಿ ಹೆದರಬೇಕು. ಪಾದ ಅಲ್ಲೇ ನಿಂತು, ಮೈ ತಿರುಗಿಬಿಟ್ಟರೆ, ನಡುವೆ ಸಿಕ್ಕಿಕೊಳ್ಳುವುದು ಮಂಡಿ.

ಇದೆಲ್ಲವನ್ನೂ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ದಿನಾಂಕ, ಬಾವುಟದ ಬಣ್ಣ, ಯಾರು, ಯಾವ ಕಾಲು, ಕಾಲಿನ ಯಾವ ಭಾಗ. ಯಾರೂ ಹೇಳಿರಲಿಲ್ಲ, ಸುಮ್ಮನೆ ಬರೆಯುತ್ತಿದ್ದೆ. ಹಾಳೆ ತಿರುಗಿಸಿದರೆ ಕೆಂಪಿನ ಮುಂದೆ ಮೂಳೆ, ಹಸಿರಿನ ಮುಂದೆ ಮೀನಖಂಡ, ಹಳದಿಯ ಮುಂದೆ ಮಂಡಿ. ಓದಿದರೆ ಸಮಾಧಾನವಾಗುತ್ತಿತ್ತು.

ಕಳೆದ ಎರಡು ವರ್ಷದಿಂದ ಆ ಸಮಾಧಾನ ಹೋಯಿತು. ಹಸಿರು ಬಾವುಟದ ದಿನ ಮಂಡಿ ಹೊರಳತೊಡಗಿತು. ಹಳದಿಯ ದಿನ ಮೂಳೆ ನೋವು ಎಂದು ಬಂದರು. ಮೊದಲು ನಾನು ಬೂಟನ್ನು ಅನುಮಾನಿಸಿದೆ, ಆಮೇಲೆ ಗಿರಣಿಯಲ್ಲಿ ಹೆಚ್ಚು ಹೊತ್ತು ನಿಂತು ಕೆಲಸ ಮಾಡುವುದನ್ನು, ಕೊನೆಗೆ ನನ್ನ ಕೈಯನ್ನೇ. ಪಟ್ಟಿ ಬಿಗಿಯಾಯಿತೇ, ಸಡಿಲವಾಯಿತೇ? ಆಡುವವರು ನೆಲವನ್ನು ಅನುಮಾನಿಸಲಿಲ್ಲ. ಬಾವುಟ ಹಸಿರಿದ್ದ ಮೇಲೆ ನೆಲ ಮೆತ್ತಗೇ ಇರಬೇಕು, ಕಾಲು ಸಿಕ್ಕಿಕೊಂಡರೆ ಅದು ಕಾಲಿನ ತಪ್ಪು. ಹಾಗೇ ಬೆಳೆದವರು ನಾವೆಲ್ಲ.

ಜೆಸಿಂತಾ ಬಿದ್ದದ್ದು ಹಸಿರು ಬಾವುಟದ ಒಂದು ಭಾನುವಾರ. ಇಪ್ಪತ್ತೆರಡು ವರ್ಷದ ಹುಡುಗಿ, ನೂಲು ಸುತ್ತುವ ವಿಭಾಗದಲ್ಲಿ ಕೆಲಸ, ಎಡ ಅಂಚಿನಲ್ಲಿ ಆಟ. ಮುಂದೆ ನಿಂತವಳಿಗೆ ಬಲಗಡೆ ಹೋಗುವ ಹಾಗೆ ತೋರಿಸಿ ಎಡಕ್ಕೆ ತಿರುಗಿಬಿಡುತ್ತಿದ್ದಳು. ಆ ತಿರುವು ನೋಡಲೆಂದೇ ಅಂಗಡಿ ಮುಚ್ಚಿ ಬರುವ ಜನ ಇದ್ದರು. ಅವತ್ತು ನಾನೇ ಅವಳಿಗೆ ಉದ್ದ ಮೊಳೆಯ ಬೂಟು ಹಾಕಿಕೋ ಎಂದಿದ್ದೆ, ನೆಲ ಮೆತ್ತಗಿದೆ, ಜಾರುತ್ತೀಯ ಎಂದು. ಹತ್ತಿರ ಯಾರೂ ಇರಲಿಲ್ಲ. ಚೆಂಡು ಬಂತು, ಅವಳು ತಿರುಗಿದಳು, ಪಾದ ತಿರುಗಲಿಲ್ಲ. ಒಂದು ಸದ್ದು ಕೇಳಿಸಿತು. ಹಸಿ ಕಡ್ಡಿ ಮುರಿದ ಹಾಗೆ, ಸಣ್ಣದು. ಗೆರೆಯ ಆಚೆ ನಿಂತಿದ್ದ ನನಗೂ ಕೇಳಿಸಿತು.

ದೊಡ್ಡ ಆಸ್ಪತ್ರೆಯವರು ಮಂಡಿಯ ಒಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ ಎಂದರು. ಆಪರೇಷನ್ ಆಯಿತು. ಒಂದು ವರ್ಷದ ಮೇಲೆ ಆಡಬಹುದು, ಆಡದೆಯೂ ಇರಬಹುದು ಎಂದು ಹೇಳಿ ಕಳಿಸಿದರು. ಕೋಚ್ ಎತಿರಾಜು ಒಳ್ಳೆಯ ಮನುಷ್ಯ, ಆದರೆ ಸಂಕಟವಾದಾಗ ಬುದ್ಧಿ ಹೇಳುವ ಅಭ್ಯಾಸ. ಮೈಯ ಭಾರ ಹಿಂದಿಟ್ಟು ತಿರುಗಿದ್ದೇ ತಪ್ಪಾಯಿತು ಎಂದು ಅವಳ ಮಂಚದ ಪಕ್ಕ ಕೂತು ಎರಡು ಸಲ ಹೇಳಿದರು. ಜೆಸಿಂತಾ ತಲೆ ಆಡಿಸಿದಳು. ಆಮೇಲೆ ನಾನು ದಿನಾ ಹೋಗಿ ಮಂಡಿ ಬಗ್ಗಿಸುವಾಗೆಲ್ಲ, ಹೇಗೆ ತಿರುಗಬೇಕಿತ್ತು ಎಂದು ನನ್ನನ್ನೇ ಕೇಳುತ್ತಿದ್ದಳು. ಸಾವಿರ ಸಲ ತಿರುಗಿದ ಹಾಗೇ ಅವತ್ತೂ ತಿರುಗಿದ್ದೆನಲ್ಲ ಎನ್ನುತ್ತಿದ್ದಳು. ಬೂಟಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ವರ್ಷ ಜೆಸಿಂತಾಳ ಜೊತೆ ಸೇರಿ ನಾಲ್ಕು ಮಂಡಿ ಹೋದವು. ಊರಿನಲ್ಲಿ ಮಾತು ಶುರುವಾಯಿತು. ನಲವತ್ತು ದಿನ ಯಾರೂ ಕಾಲಿಡದಿದ್ದರೆ ನಮ್ಮ ನೆಲ ಬದಲಾಗುವುದನ್ನು ಬಿಟ್ಟು, ಆ ದಿನ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ಸಂತೆ ಕಟ್ಟುವ ಬಯಲು ಹಿಂದೊಮ್ಮೆ ಹಾಗೇ ನಿಂತದ್ದು, ಈಗಲೂ ಗಟ್ಟಿಯಾಗಿಯೇ ಇದೆ. ಮೈದಾನವನ್ನೂ ಹಾಗೆ ನಿಲ್ಲಿಸಿಬಿಡೋಣ ಎಂದು ಪುರಸಭೆಯ ಅಧ್ಯಕ್ಷೆ ನಳಿನಾಕ್ಷಮ್ಮ ಹೇಳಿದರು. ಆದರೆ ಯಾವ ನೆಲವನ್ನು ನಿಲ್ಲಿಸುವುದು? ಒಂದು ಸಲ ನಿಂತರೆ ಮತ್ತೆ ಬದಲಾಗುವುದಿಲ್ಲ. ಹುಟ್ಟದ ಮಕ್ಕಳೂ ಅದರ ಮೇಲೇ ಆಡಬೇಕು. ನಳಿನಾಕ್ಷಮ್ಮ ನನ್ನನ್ನು ಕರೆಸಿ, ನಿಮ್ಮ ನೋಟ್‌ಬುಕ್ಕು ನೋಡಿ ಯಾವ ನೆಲ ಕಾಲಿಗೆ ಒಳ್ಳೆಯದು ಎಂದು ಸಭೆಯಲ್ಲಿ ಹೇಳಿ, ನೀವು ಹೇಳಿದ್ದೇ ಆಗುತ್ತದೆ ಎಂದರು. ಎರಡು ವಾರ ಸಮಯ ಕೊಟ್ಟರು.

ಎರಡು ವಾರ ನಾನು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿದೆ. ಒಟ್ಟು ಎಣಿಸಿದರೆ ಕೆಂಪಿನ ದಿನ ಗಾಯ ಹೆಚ್ಚು, ಆದರೆ ಎಲ್ಲ ಸಣ್ಣವು. ಹಸಿರಿನ ದಿನ ಕಡಿಮೆ, ಆದರೆ ದೊಡ್ಡವು. ಹಸಿರಿನ ದಿನ ಇವರು ಬೀಳುವ ಭಯವಿಲ್ಲದೆ ಜೋರಾಗಿ ಆಡುತ್ತಾರೆ, ಹಾಗಾದರೆ ತಪ್ಪು ನೆಲದ್ದೋ ಧೈರ್ಯದ್ದೋ? ಒಂದೇ ಬಣ್ಣ ಮೂರು ದಿನ ಇದ್ದರೆ ಗಾಯವಿಲ್ಲ, ಬಣ್ಣ ಬದಲಾದ ದಿನ ಇಬ್ಬರು ಮೂವರು ಕುಂಟುತ್ತಾರೆ. ಅಂದರೆ ಕೆಟ್ಟದ್ದು ನೆಲವಲ್ಲ, ಬದಲಾವಣೆಯೇ? ಹಾಗೆಂದು ಖಚಿತ ಮಾಡಿಕೊಂಡು ಚಹಾ ಕುಡಿದು ಬಂದು ಕೂತರೆ, ಕಳೆದ ಎರಡು ವರ್ಷದ ಹಾಳೆಗಳು ಅದನ್ನೂ ಸುಳ್ಳು ಮಾಡುತ್ತಿದ್ದವು. ಹಸಿರಿನ ಮುಂದೆ ಮಂಡಿ, ಹಸಿರಿನ ಮುಂದೆ ಮಂಡಿ.

ಸಭೆಗೆ ಮೂರು ದಿನ ಇರುವಾಗ ಹನೀಫಣ್ಣನನ್ನೇ ಕೇಳೋಣ ಎಂದು ಬೆಳಗ್ಗೆ ಮೈದಾನಕ್ಕೆ ಹೋದೆ. ಆಗ ತಾನೇ ಬಾವುಟ ಏರಿಸಿ, ಕಂಬದ ಪಕ್ಕದ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಬಾಗಿಲಿನಿಂದ ಸ್ಟೂಲಿನ ತನಕ ನೆಲದ ಮೇಲೆ ಕೆಂಪು ಗುರುತುಗಳಿದ್ದವು. ಏನು ಚೆಲ್ಲಿದೆ ಎಂದು ಬಗ್ಗಿ ನೋಡಿದರೆ ರಕ್ತ. ಎಡಗಾಲಿನ ಅಚ್ಚು, ಒಂದರ ಹಿಂದೆ ಒಂದು. ಅವರು ಮಾತ್ರ ಆರಾಮವಾಗಿ, ಏನು ಬೆಳಗ್ಗೆಯೇ ಬಂದಿರಿ ಎಂದು ಕೇಳುತ್ತಿದ್ದರು.

ಕೆಳಗೆ ಕೂತು ಅವರ ಪಾದ ಎತ್ತಿ ಹಿಡಿದೆ. ಅಂಗಾಲಿನಲ್ಲಿ ಒಂದು ಗಾಜಿನ ಚೂರು ಅರ್ಧ ಇಂಚು ಒಳಗೆ ಹೋಗಿತ್ತು. ಅದರ ಪಕ್ಕದಲ್ಲಿ ಹಳೆಯದೊಂದು ಹುಣ್ಣು, ಅಂಚು ಬಿಳಿಯಾಗಿತ್ತು. ಇಂಥ ಪಾದಗಳನ್ನು ದವಾಖಾನೆಯಲ್ಲಿ ಎಷ್ಟು ನೋಡಿಲ್ಲ ನಾನು. ಸಕ್ಕರೆ ಕಾಯಿಲೆಯ ಪಾದ. ಗಾಜನ್ನು ಎಳೆದು ತೆಗೆದೆ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೀಡಿ ಕೂಡ ಬಾಯಿಂದ ತೆಗೆಯಲಿಲ್ಲ.

"ಎಷ್ಟು ದಿನದಿಂದ ಹೀಗೆ, ಅಣ್ಣ?" ಎಂದೆ.

ಅವರು ಬಾಗಿಲಾಚೆ ಹುಲ್ಲಿನ ಕಡೆ ನೋಡಿದರು. "ಎರಡು ವರ್ಷ ಆಗಿರಬೇಕು. ಮೊದಲು ಜೋಮು ಹಿಡಿದ ಹಾಗೆ ಇತ್ತು. ಆಮೇಲೆ ಅದೂ ಇಲ್ಲ."

"ಮತ್ತೆ ಬಾವುಟ?"

"ನೋಡಿ ಹೇಳ್ತಿದ್ದೆ ಕಣಮ್ಮ. ಮೂವತ್ತು ವರ್ಷ ನಡೆದಿದೀನಲ್ಲ. ಇಬ್ಬನಿ ಹೇಗೆ ಕೂತಿದೆ, ಹಕ್ಕಿ ಎಲ್ಲಿ ಕೆದಕ್ತಾ ಇದಾವೆ, ನೋಡಿದ್ರೆ ಗೊತ್ತಾಗುತ್ತೆ ಅಂದ್ಕೊಂಡೆ. ಎಷ್ಟೋ ಸಲ ಸರಿಯಾಗೇ ಇರ್ತಿತ್ತು."

ಎಷ್ಟು ಸಲ ಎಂದು ನಾನು ಕೇಳಲಿಲ್ಲ. ಅವರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಗಾಯ ತೊಳೆದು ಕಟ್ಟಿದೆ. ಕೈ ತನ್ನ ಕೆಲಸ ಮಾಡುತ್ತಿತ್ತು, ತಲೆ ಎಲ್ಲೆಲ್ಲೋ ಓಡುತ್ತಿತ್ತು. ಎರಡು ವರ್ಷ ವಾರಕ್ಕೆ ನಾಲ್ಕು ದಿನ ಈ ಮನುಷ್ಯನ ಎದುರಿಗೇ ಓಡಾಡಿದ್ದೇನೆ. ಮೂವತ್ತೆರಡು ಕಾಲುಗಳನ್ನು ನೋಡಿದೆ, ಇವರ ಎರಡನ್ನು ನೋಡಲಿಲ್ಲ. ಜೆಸಿಂತಾ ಬಿದ್ದ ದಿನ ನಾನೂ ಚಪ್ಪಲಿ ಹಾಕಿಕೊಂಡು ಅದೇ ಹುಲ್ಲಿನ ಮೇಲೆ ಓಡಿದ್ದೆನಲ್ಲ, ನೆಲ ನನ್ನ ಚಪ್ಪಲಿಯನ್ನು ಹಿಡಿದಿತ್ತೇ? ಎಷ್ಟು ನೆನಪಿಸಿಕೊಂಡರೂ ನೆನಪಿಗೆ ಬಂದದ್ದು ಅವಳ ಮುಖ ಮಾತ್ರ.

ಸಭೆಗೆ ಇನ್ನು ಮೂರೇ ದಿನ. ಹೇಳಿದರೆ ಹನೀಫಣ್ಣನ ಮುಖಕ್ಕೆ ಊರು ಉಗುಳುತ್ತದೆ. ಹೇಳದಿದ್ದರೆ ಸುಳ್ಳು ಹಾಳೆಗಳನ್ನು ನಂಬಿ ಒಂದು ನೆಲವನ್ನು ಶಾಶ್ವತ ಮಾಡುತ್ತಾರೆ. ಹಸಿರನ್ನು ಬೇಡವೆನ್ನುತ್ತಾರೆ, ಮಂಡಿ ಮುರಿದದ್ದು ಹಸಿರಲ್ಲದಿದ್ದರೂ. ಅಥವಾ ಹಸಿರೇ ಇದ್ದಿರಬಹುದು. ಅದೂ ಗೊತ್ತಿಲ್ಲ.

ಸಭೆ ಗಿರಣಿಯ ಊಟದ ಹಾಲ್‌ನಲ್ಲಿ. ಆಡುವವರೆಲ್ಲ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಜೆಸಿಂತಾ ಕಾಲು ಚಾಚಿಕೊಳ್ಳಲು ಅನುಕೂಲವಾಗಲೆಂದು ಬೆಂಚಿನ ತುದಿಯಲ್ಲಿದ್ದಳು. ಆಪರೇಷನ್ ಆಗಿ ಏಳು ತಿಂಗಳಾಗಿತ್ತು, ಕೋಲು ಬಿಟ್ಟಿದ್ದಳು. ಹನೀಫಣ್ಣ ಹಿಂದೆ ಕಿಟಕಿಯ ಹತ್ತಿರ ನಿಂತಿದ್ದರು. ನಳಿನಾಕ್ಷಮ್ಮ ಕರೆದಾಗ ನಾನು ನೋಟ್‌ಬುಕ್ಕು ಹಿಡಿದು ಎದ್ದೆ. ಮೊದಲ ಹದಿನೇಳು ವರ್ಷದ್ದನ್ನು ಓದಿ ಹೇಳಿದೆ. ಕಳೆದ ಎರಡು ವರ್ಷದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದೆ. ಯಾಕೆ ಎಂದು ಅವರು ಕೇಳಿದರು. ನನ್ನ ಬರವಣಿಗೆ ಸರಿಯಿಲ್ಲ ಎಂದೇನೋ ಗೊಣಗಿದೆ.

ಆಗ ಹಿಂದಿನಿಂದ ಹನೀಫಣ್ಣ ಮಾತಾಡಿದರು. ಅವರ ದನಿ ದೊಡ್ಡದೇನಲ್ಲ, ಆದರೆ ಹಾಲ್ ಅಷ್ಟು ನಿಶ್ಶಬ್ದವಾಗಿತ್ತು.

"ವಾರಿಜಮ್ಮನ ಬರವಣಿಗೆ ಸರಿಯಾಗೇ ಇದೆ. ನನ್ನ ಕಾಲಿಗೆ ಏನೂ ಗೊತ್ತಾಗಲ್ಲ. ಎರಡು ವರ್ಷದಿಂದ ನಾನು ಅಂದಾಜಿನ ಮೇಲೆ ಬಾವುಟ ಏರಿಸಿದೀನಿ."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತೇನೋ. ಎಲ್ಲರೂ ಜೆಸಿಂತಾಳ ಕಡೆ ನೋಡಿದರು, ಅವಳು ಏನು ಮಾಡುತ್ತಾಳೋ ಅದನ್ನೇ ತಾವೂ ಮಾಡಲು ಕಾದಿರುವ ಹಾಗೆ. ಎತಿರಾಜು ತಲೆ ತಗ್ಗಿಸಿ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಜೆಸಿಂತಾ ನಿಧಾನವಾಗಿ ಎದ್ದಳು, ಹಾಲ್‌ನ ಉದ್ದಕ್ಕೂ ನಡೆದು ಹನೀಫಣ್ಣನ ಎದುರಿಗೆ ನಿಂತಳು.

"ಆ ಭಾನುವಾರ ಏನು ನೋಡಿ ಹಸಿರು ಹಾಕಿದ್ರಿ?" ಎಂದಳು.

"ಇಬ್ಬನಿ ದಪ್ಪಗಿತ್ತು ಮಗಳೇ," ಎಂದರು ಹನೀಫಣ್ಣ.

ಅವಳು ಇನ್ನೂ ಏನೋ ಕೇಳುವವಳ ಹಾಗೆ ನಿಂತಿದ್ದಳು. ಆಮೇಲೆ ಬಾಗಿಲು ತೆರೆದುಕೊಂಡು ಹೊರಟುಹೋದಳು. ನಳಿನಾಕ್ಷಮ್ಮ ಸಭೆಯನ್ನು ಮುಂದಕ್ಕೆ ಹಾಕಿದರು. ಹನೀಫಣ್ಣ ಬಾವುಟದ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕಟ್ಟಿದ ಕಾಲಿನಲ್ಲಿ ಕುಂಟದೆ ಮನೆಗೆ ಹೋದರು. ಕುಂಟಲು ನೋವಾದರೂ ಆಗಬೇಕಲ್ಲ.

ಮಾರನೆಯ ಸಂಜೆ ಮಂಡಿ ಬಗ್ಗಿಸಲು ಹೋದಾಗ ಜೆಸಿಂತಾ ಗೋಡೆಗೆ ಒರಗಿ ಕೂತಿದ್ದಳು. ನಾನು ಬೂಟಿನ ವಿಷಯ ಹೇಳಿಯೇಬಿಟ್ಟೆ. ಉದ್ದ ಮೊಳೆಯದು ಹಾಕಿಕೋ ಅಂದವಳು ನಾನೇ ಎಂದೆ. ಗೊತ್ತು, ನೆನಪಿದೆ ಎಂದಳು. ಆಮೇಲೆ ಹೇಳಿದಳು:

"ಏಳು ತಿಂಗಳು ನನ್ನ ಮಂಡೀನೇ ಬೈದಿದೀನಿ ಅಕ್ಕ. ಈಗ ಅವರನ್ನ ಬೈಬೇಕು. ಬೈಯೋಣ ಅಂತ ಹೋದೆ. ಆ ಕಾಲಿನ ಕಟ್ಟು ನೋಡಿದ ಮೇಲೆ ಏನು ಹೇಳಬೇಕು ಅಂತಾನೇ ತಿಳೀಲಿಲ್ಲ. ಕೋಪ ಎಲ್ಲಿಗೆ ಹೋಗಬೇಕು ಅಂತ ಅದಕ್ಕೂ ಗೊತ್ತಾಗ್ತಿಲ್ಲ."

ನಾನು ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮಂಡಿಯನ್ನು ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿಸಿದೆ. ಅವತ್ತು ಹಿಂದಿನ ವಾರಕ್ಕಿಂತ ಎರಡು ಬೆರಳು ಹೆಚ್ಚು ಬಗ್ಗಿತು. ಇಬ್ಬರೂ ಅದನ್ನು ನೋಡಿದೆವು.

ಕಂಬ ಹತ್ತು ದಿನ ಖಾಲಿ ಇತ್ತು. ಆಟ ನಿಂತಿತ್ತು. ನೆಲ ಓದಲು ಯಾರನ್ನು ಕಳಿಸುವುದು ಎಂದು ಪುರಸಭೆಯಲ್ಲಿ ತೀರ್ಮಾನವಾಗುವ ಮೊದಲೇ ಜೆಸಿಂತಾ ಹೋಗಿ ಬೀಗದ ಕೈ ಕೇಳಿದಳು. ನಳಿನಾಕ್ಷಮ್ಮ ಕೊಟ್ಟರು. ಯಾಕೆ ಕೇಳಿದೆ ಎಂದರೆ, ಮನೆಯಲ್ಲಿ ಕೂತು ಬೇಜಾರು ಎಂದಷ್ಟೇ ಹೇಳಿದಳು. ಪಕ್ಕದೂರಿನ ತಂಡದೊಂದಿಗೆ ನಮಗೆ ಪಂದ್ಯವಿದ್ದ ದಿನ, ಬೆಳಗ್ಗೆ ನಾನೂ ಅವಳ ಜೊತೆ ಹೋದೆ. ಒದ್ದೆ ಹುಲ್ಲಿನಲ್ಲಿ ಮಂಡಿ ಹೊರಳಿದರೆ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ.

ಚಪ್ಪಲಿ ಬಿಟ್ಟು ಹೆಜ್ಜೆ ಹೆಜ್ಜೆಗೆ ನಿಂತು ನಡೆದಳು. ಹನೀಫಣ್ಣ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅವಳಿಗೆ ಒಂದು ಗಂಟೆಯಾಯಿತು. ಮೂಲೆಮೂಲೆಗೆ ಹೋದಳು, ಗೋಲಿನ ಬಾಯಿಯಲ್ಲಿ ನಿಂತಳು, ಅಂಚಿನ ಗೆರೆಯುದ್ದಕ್ಕೂ ಹೋಗಿ ಬಂದಳು. ವಾಪಸು ಬಂದಾಗ ಮುಖದಲ್ಲಿ ಗಲಿಬಿಲಿ ಇತ್ತು.

"ಈ ಗೋಲಿನ ಹತ್ರ ಗಟ್ಟಿ. ಗಿರಣಿ ಗೋಡೆ ಕಡೆ ಮೆತ್ತಗೆ. ನಡುವೆ ಹಿಡಿಯುತ್ತೆ, ಆದ್ರೆ ಎಲ್ಲ ಕಡೆ ಅಲ್ಲ. ಯಾವ ಬಾವುಟ ಹಾಕಲಿ ಅಕ್ಕ?"

ತಪ್ಪಾಗಿ ತಿಳಿದಿರಬೇಕು ಎಂದುಕೊಂಡು ನಾನೂ ಚಪ್ಪಲಿ ಬಿಟ್ಟು ಹೋದೆ. ಹತ್ತೊಂಬತ್ತು ವರ್ಷದಲ್ಲಿ ಆ ಹುಲ್ಲಿನ ಮೇಲೆ ಬರಿಗಾಲಿಟ್ಟದ್ದು ಅದೇ ಮೊದಲು. ಅವಳು ಹೇಳಿದ ಹಾಗೇ ಇತ್ತು. ಅಲ್ಲಿಂದ ನೇರವಾಗಿ ಹನೀಫಣ್ಣನ ಮನೆಗೆ ನಡೆದೆ. ಅವರ ಗಾಯಕ್ಕೆ ದಿನಾ ಕಟ್ಟು ಬದಲಿಸುವುದು ನಾನೇ. ಕಟ್ಟು ಬಿಚ್ಚುತ್ತಾ ಕೇಳಿದೆ, ನಿಮ್ಮ ಕಾಲು ಚೆನ್ನಾಗಿದ್ದಾಗ ನೆಲ ಎಲ್ಲ ಕಡೆ ಒಂದೇ ಥರ ಇರುತ್ತಿತ್ತೇ ಎಂದು. ಅವರು ಯೋಚಿಸಿದರು. ತಾನು ಕಂಬದಿಂದ ಎದುರು ಮೂಲೆಗೆ ಒಂದೇ ಗೆರೆಯಲ್ಲಿ ನಡೆದು ಬರುತ್ತಿದ್ದೆ, ತನಗೆ ಕೆಲಸ ಕಲಿಸಿದವರೂ ಹಾಗೇ ನಡೆಯುತ್ತಿದ್ದರು, ಆಚೆ ಈಚೆ ಹೇಗಿತ್ತೋ ನೋಡಿದ್ದೇ ಇಲ್ಲ ಎಂದರು. ಹೇಳಿದ ಮೇಲೆ ಅವರ ಮುಖವೂ ಜೆಸಿಂತಾಳ ಮುಖದ ಹಾಗೇ ಆಯಿತು.

ಮೊದಲ ಹದಿನೇಳು ವರ್ಷದ ಹಾಳೆಗಳೂ ಹಾಗೆ ಹೋದವು. ನನಗೆ ಕಾಲಿನ ಬಗ್ಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ವಿಂಗಡಿಸಲು ಹೊರಟರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಕೆಂಪಿನ ಮುಂದೆ ಮೂಳೆ ಎಂದು ಬರೆದಿದ್ದೆನಲ್ಲ, ಆ ಮೂಳೆಯವಳು ಅವತ್ತು ಯಾವ ಕಡೆ ಆಡಿದ್ದಳು? ಬರೆದಿರಲಿಲ್ಲ.

ಸಂಜೆ ತಂಡ ಬಂತು. ಖಾಲಿ ಕಂಬದ ಕೆಳಗೆ ಮೂರು ಮೂರು ಜೊತೆ ಬೂಟು ಹಿಡಿದು ನಿಂತರು. ಬಾವುಟ ಎಲ್ಲಿ ಎಂದು ಎತಿರಾಜು ಕೇಳಿದರು. ಜೆಸಿಂತಾ ತಾನು ಕಂಡದ್ದನ್ನು ಹೇಳಿದಳು. ಹಾಗೂ ಉಂಟೇ ಎಂದು ಅವರು ನನ್ನ ಕಡೆ ತಿರುಗಿದರು. ಉಂಟು ಎಂದೆ. ಎಲ್ಲರಿಗೂ ಒಂದೇ ಬೂಟು ಹೇಳಿ ಅಭ್ಯಾಸವಾದ ಮನುಷ್ಯ, ಸೀಟಿಯನ್ನು ಬಾಯಿಗಿಟ್ಟು ಊದದೆ ನಿಂತುಬಿಟ್ಟರು. ಪಕ್ಕದೂರಿನವರು ಇದೆಂಥ ಊರು ಎಂಬಂತೆ ನಮ್ಮನ್ನು ನೋಡುತ್ತಿದ್ದರು.

ಮೊದಲು ಗೋಲು ಕಾಯುವ ಹುಡುಗಿ ಬೂಟು ಕೆಳಗಿಟ್ಟು ಬರಿಗಾಲಲ್ಲಿ ತನ್ನ ಗೋಲಿನ ಕಡೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ನೋಡುನೋಡುತ್ತಾ ಆಡಲು ಬಂದವರೆಲ್ಲ ಮೈದಾನದ ತುಂಬ ಹರಡಿಕೊಂಡು, ತಾವು ಆಡುವ ಜಾಗದಲ್ಲಿ ತಾವೇ ಕಾಲೊತ್ತಿ ನೋಡುತ್ತಾ, ಹಿಂದೆ ಮುಂದೆ ಹೆಜ್ಜೆ ಹಾಕುತ್ತಾ ನಿಂತರು. ಒಬ್ಬೊಬ್ಬರೇ ವಾಪಸು ಬಂದು ನನ್ನ ಮುಂದೆ ಕೂತರು. ಒಬ್ಬಳು ಗಟ್ಟಿ ಎಂದಳು, ಒಬ್ಬಳು ಮೆತ್ತಗೆ ಎಂದಳು, ಮತ್ತೊಬ್ಬಳು ತನಗೆ ಸರಿಯಾಗಿ ತಿಳಿಯಲಿಲ್ಲ, ಇನ್ನೊಂದು ಸಲ ನೋಡಿ ಬರಲೇ ಎಂದು ಕೇಳಿದಳು. ನೋಡಿ ಬಾ ಎಂದೆ. ಒಬ್ಬೊಬ್ಬರ ಕಾಲಿಗೆ ಒಂದೊಂದು ಥರ ಪಟ್ಟಿ ಸುತ್ತಿದೆ, ಸರಿಯೋ ತಪ್ಪೋ ಗೊತ್ತಿಲ್ಲದೆ, ಪ್ರತಿ ಸುತ್ತಿಗೂ ಅವರನ್ನೇ ಕೇಳುತ್ತಾ.

ಸೀಟಿ ಊದಿದ ಮೇಲೆ ಜೆಸಿಂತಾ ಬಂದು ನನ್ನ ಪಕ್ಕ ಐಸಿನ ಡಬ್ಬದ ಮೇಲೆ ಕೂತಳು. ಎಡ ಅಂಚಿನಲ್ಲಿ ಅವಳ ಜಾಗದಲ್ಲಿ ಬೇರೆ ಹುಡುಗಿ ಆಡುತ್ತಿದ್ದಳು, ಹುಷಾರಾಗಿ, ನಿಧಾನವಾಗಿ ತಿರುಗುತ್ತಾ. ಜೆಸಿಂತಾ ಆಟದ ಕಡೆಯೇ ಕಣ್ಣಿಟ್ಟು ಹೇಳಿದಳು:

"ನಾನು ಬಿದ್ದ ಜಾಗ ಇವತ್ತು ಮೆತ್ತಗಿತ್ತು ಅಕ್ಕ. ಸ್ವಲ್ಪ ಹೊತ್ತು ಅಲ್ಲೇ ನಿಂತ್ಕೊಂಡಿದ್ದೆ."